ಸಾಕ್ಷಿ ಮುಟ್ಟಿ ತೋರಿಸಬೇಕು

ಗೋಮತಿ ಆವತ್ತು ಕೊನೆಯ ಬೆಂಚಿನಲ್ಲಿ ಕೂರದೆ ಹೋಗಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. ಊರಿಗೆ ಹೋಗಿ ಮರಳುವಾಗ ಶಂಕರನ್‌ಕೋವಿಲ್ ಬಸ್ಸು ತಡವಾಗಿತ್ತು. ಅಪರಾಧಶಾಸ್ತ್ರ ವಿಭಾಗದ ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಹತ್ತಿ ಬಂದವಳಿಗೆ ಹಿಂಬಾಗಿಲ ಪಕ್ಕದ ಜಾಗವೇ ಗತಿಯಾಯಿತು. ಎಂ.ಎ. ಸೇರಿ ಇನ್ನೂ ಒಂದು ವಾರವೂ ಆಗಿರಲಿಲ್ಲ. ಗೆಳತಿ ಅಂತ ಇದ್ದವಳು ಹಾಸ್ಟೆಲ್ಲಿನ ರಹ್ಮತ್ ಒಬ್ಬಳೇ.

ಕಣ್ಣಾರೆ ಕಂಡ ಸಾಕ್ಷಿಯನ್ನು ಎಷ್ಟು ನಂಬಬಹುದು ಎಂದು ಬ್ಯೂಲಾ ಮೇಡಂ ಪಾಠ ಮಾಡುತ್ತಿದ್ದರು. ಗೋಮತಿ ಬಿದ್ದ ಪೆನ್ನು ಹುಡುಕಲು ಬೆಂಚಿನ ಕೆಳಗೆ ಬಗ್ಗಿದ್ದಳು. ಅಷ್ಟರಲ್ಲಿ ಮುಂಬಾಗಿಲಿನಿಂದ ಯಾರೋ ನುಗ್ಗಿದ ಸದ್ದು. ಅದರ ಹಿಂದೆಯೇ ಮೇಡಂ ಕೂಗು: "ಅಯ್ಯಯ್ಯೋ, ನನ್ನ ಬ್ಯಾಗು!"

ಅವಳು ತಲೆಯೆತ್ತುವಷ್ಟರಲ್ಲಿ ಆಸಾಮಿ ಪಕ್ಕದಿಂದಲೇ ಹಾದು ಹಿಂಬಾಗಿಲು ದಾಟಿಯಾಗಿತ್ತು. ಅವಳಿಗೆ ಕಂಡದ್ದು ಬೆನ್ನು ಮಾತ್ರ. ತರಗತಿಗೆ ತರಗತಿಯೇ ಬಾಯಿ ತೆರೆದುಕೊಂಡು ಕೂತಿತ್ತು. ಗೋಮತಿ ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು.

ಡಿಗ್ರಿ ಕಾಲೇಜಿನಲ್ಲಿ ಅವಳು ಕಬಡ್ಡಿ ಆಡಿದವಳು. ಓಡುವವರ ಕಾಲು ಹಿಡಿಯುವುದರಲ್ಲಿ ಅವಳದ್ದು ಎತ್ತಿದ ಕೈ. ಕಳ್ಳನೂ ಸಾಮಾನ್ಯದವನಲ್ಲ, ಬಾಣ ಬಿಟ್ಟ ಹಾಗೆ ಹೋಗುತ್ತಿದ್ದ. ಆದರೆ ಬೇವಿನ ಮರದ ಹತ್ತಿರ ಅವನು ತಿರುವು ತೆಗೆದುಕೊಳ್ಳುವಾಗ ಇವಳು ಹಾರಿ ಬಿದ್ದು ಎರಡೂ ಕೈಯಿಂದ ಪಾದದ ಗೆಣ್ಣು ಹಿಡಿದೇಬಿಟ್ಟಳು. ಅವನು ಮುಖ ಅಡಿಯಾಗಿ ಮಣ್ಣಿಗೆ ಬಿದ್ದ. ಇವಳು ಬ್ಯಾಗು ಕಿತ್ತುಕೊಂಡು, "ಮೇಡಂ! ಸಿಕ್ತು ಮೇಡಂ!" ಅಂತ ಕೂಗುತ್ತಾ ವಾಪಸ್ ಓಡಿದಳು. ಬಿದ್ದವನ ಮುಖ ನೋಡಬೇಕು ಅಂತ ಅವಳಿಗೆ ಹೊಳೆಯಲೇ ಇಲ್ಲ.

ಬ್ಯೂಲಾ ಮೇಡಂ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದರು. "ಅಮ್ಮಾ ತಾಯಿ, ಅದು ನಾಟಕ ಕಣೇ! ಪ್ರತಿ ವರ್ಷ ಹೊಸಬರ ಮುಂದೆ ಮಾಡಿಸ್ತೀನಿ. ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ಕೂತಲ್ಲಿಂದ ಎದ್ದಿದ್ರೆ ಕೇಳು!"

ತರಗತಿ ಗೊಳ್ಳೆಂದಿತು. ಗೋಮತಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಎಲ್ಲರೂ ಕಂಡದ್ದನ್ನು ಬರೆದುಕೊಟ್ಟರು. ಒಬ್ಬರ ಕಳ್ಳನಿಗೆ ದಪ್ಪ ಮೀಸೆ, ಇನ್ನೊಬ್ಬರ ಕಳ್ಳನಿಗೆ ಮೀಸೆಯೇ ಇಲ್ಲ. ರಹ್ಮತ್ ಅಂತೂ ಅವನ ಕೈಯಲ್ಲಿ ಚಾಕು ಕಂಡಿದ್ದಳು.

ಆಮೇಲೆ ಗುರುತು ಪತ್ತೆಯ ಪೆರೇಡು. ಒಂದೇ ಬಣ್ಣದ ಅಂಗಿ ತೊಟ್ಟ ಸೀನಿಯರ್ ಹುಡುಗರ ಸಾಲು. ಸಾಕ್ಷಿ ಸಾಲಿನ ಉದ್ದಕ್ಕೂ ನಡೆದು ಆರೋಪಿಯ ಭುಜ ಮುಟ್ಟಿ, ಜೋರಾಗಿ 'ಇವನೇ' ಅನ್ನಬೇಕು. ಬೆರಳು ತೋರಿಸಿದರೆ ಸಾಲದು.

"ಹಿಡಿದವಳೇ ಇದ್ದಾಳಲ್ಲ, ಅವಳೇ ಬರಲಿ," ಎಂದರು ಮೇಡಂ.

ಗೋಮತಿ ನಡೆದಳು. ಒಬ್ಬ ಪಕ್ಕದವನ ಹೆಗಲಿಗೆ ಆತು ನಿಂತಿದ್ದ, ಮುಖವೆಲ್ಲ ಬೆವರು, ತುಟಿ ಕಚ್ಚಿ ಹಿಡಿದಿದ್ದ. ಪಾಪ, ಬಿಸಿಲು ತಾಗಿದೆ ಅಂದುಕೊಂಡು ಅವಳು ಅವನನ್ನು ದಾಟಿ, ಪಕ್ಕದವನ ಭುಜ ಮುಟ್ಟಿ, "ಇವನೇ!" ಎಂದು ಗಟ್ಟಿಯಾಗಿ ಹೇಳಿದಳು.

ಬೆವರಿದ್ದವನು ಕಷ್ಟಪಟ್ಟು ನಕ್ಕ. "ಅವನಲ್ಲ ಮಾರಾಯ್ತಿ. ನಾನು," ಅಂದವನೇ ಕುಸಿದು ಕೂತ.

ಹಾಗೆ ಇಸಕ್ಕಿಮುತ್ತುವಿನ ಪರಿಚಯವಾಯಿತು.

*

ಪಾಳೆಯಂಕೋಟೆಯ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು. ಗೆಣ್ಣಿನ ಮೂಳೆ ಮುರಿದಿತ್ತು. ಹೊರಗೆ ಬೆಂಚಿನ ಮೇಲೆ ಕೂತು ರಹ್ಮತ್ ಗೋಮತಿಗೆ ಸಂಗತಿ ಹೇಳಿದಳು. ಇಸಕ್ಕಿಮುತ್ತು ಸಬ್ ಇನ್ಸ್‌ಪೆಕ್ಟರ್ ಲಿಖಿತ ಪರೀಕ್ಷೆ ಪಾಸಾಗಿದ್ದ. ಮುಂದಿನ ತಿಂಗಳು ಓಟ, ಹಗ್ಗ ಹತ್ತುವುದು, ಉದ್ದ ಜಿಗಿತ. ಅಪ್ಪ ಸತ್ತ ಮೇಲೆ ವರ್ಷಾನುಗಟ್ಟಲೆ ಶಾಲೆಯ ವ್ಯಾನ್ ಓಡಿಸಿ, ಮನೆ ಒಂದು ದಡ ಸೇರಿದ ಮೇಲೆ ಓದಲು ಬಂದವನು ಅವನು. ಇನ್ನೊಂದು ಸಲ ಅರ್ಜಿ ಹಾಕೋಣವೆಂದರೆ ವಯಸ್ಸು ಮೀರಿರುತ್ತದೆ.

ಅವಳು ಒಳಗೆ ಹೋಗಿ ಮಂಚದ ಪಕ್ಕ ನಿಂತಳು.

"ಅಣ್ಣಾ, ನನ್ನಿಂದ ದೊಡ್ಡ ತಪ್ಪಾಯ್ತು. ಕ್ಷಮಿಸಿ ಅಣ್ಣಾ."

ಅಲ್ಲಿ ಸೀನಿಯರ್‌ಗಳನ್ನು ಕರೆಯುವುದೇ ಹಾಗೆ. ಆದರೆ ಇವನು ಮುಖ ಹುಳ್ಳಗೆ ಮಾಡಿದ. "ಕಾಲು ಮುರಿದಿದ್ದು ಸಾಲಲಿಲ್ವಾ? ಮೇಲೆ ಅಣ್ಣ ಬೇರೆ ಅಂತೀಯಾ?"

ಅಂದದ್ದು ಜಾಸ್ತಿಯಾಯಿತೇನೋ ಅಂತ ಅವನು ಕಿಟಕಿಯ ಕಡೆ ತಿರುಗಿದ. ತಿರುಗಿದರೇನು ಬಂತು, ಕಿವಿ ಇತ್ತಲ್ಲ ಈ ಕಡೆ! ತುದಿಯಿಂದ ಶುರುವಾಗಿ ಹಾಲೆಯವರೆಗೆ ಕೆಂಪಗಾಗುತ್ತಾ ಬಂತು. ಅಷ್ಟೊಂದು ಕೆಂಪಾಗುವ ಕಿವಿಯನ್ನು ಗೋಮತಿ ಅಲ್ಲಿಯವರೆಗೆ ಕಂಡಿರಲಿಲ್ಲ.

ಆವತ್ತಿನಿಂದ ಅವಳು ಅವನನ್ನು 'ಸೀನಿಯರ್' ಅಂತ ಮಾತ್ರ ಕರೆದಳು.

ಊರುಗೋಲಿನವನು ಬಸ್ಸು ಹತ್ತುವುದು ಹೇಗೆ? ರಹ್ಮತ್‌ಳ ಸ್ಕೂಟರ್ ಕೇಳಿ ತಂದು ಗೋಮತಿಯೇ ಅವನನ್ನು ಮನೆಯಿಂದ ಕರೆತರತೊಡಗಿದಳು. ಮೊದಲ ದಿನ ಬಾಗಿಲು ತೆರೆದವರು ಅವನ ಅಮ್ಮ, ಪಿಚ್ಚಮ್ಮಾಳ್. ಸೊಂಟಕ್ಕೆ ಸೆರಗು ಸಿಕ್ಕಿಸಿ, ಇವಳನ್ನು ಅಡಿಯಿಂದ ಮುಡಿಯವರೆಗೆ ಅಳೆದರು.

"ನನ್ನ ಮಗನ್ನ ಕೆಡವಿದೋಳು ನೀನೇನಾ?"

"ಹೌದಮ್ಮಾ."

"ಇಷ್ಟಿದೀಯ ಅಷ್ಟೇ! ನಾನು ಯಾರೋ ಪೈಲ್ವಾನ್ ಅಂದ್ಕೊಂಡಿದ್ದೆ. ನಿಂತ್ಕೊಂಡು ಏನ್ ನೋಡ್ತೀಯ, ಬಾ ಒಳಗೆ. ಉದ್ದಿನಕಾಳಿನ ಅನ್ನ ಮಾಡಿದೀನಿ, ಎಳ್ಳು ಚಟ್ನಿ ಇದೆ. ತಿನ್ನು. ಮುರಿಯೋಕೂ ಶಕ್ತಿ ಬೇಕಲ್ಲ."

ಬೈಗುಳ ತಿನ್ನಲು ಬಂದವಳಿಗೆ ಅನ್ನ ಸಿಕ್ಕಿತು. ಮೊದಲ ತುತ್ತಿಗೇ ಗೋಮತಿಯ ಕಣ್ಣು ತುಂಬಿ ಬಂತು. ಪಿಚ್ಚಮ್ಮಾಳ್ ಕಂಡೂ ಕಾಣದವರ ಹಾಗೆ ಇನ್ನೊಂದು ಸೌಟು ಬಡಿಸಿದರು.

ದಾರಿಯುದ್ದಕ್ಕೂ ಹಿಂದೆ ಕೂತು ಇಸಕ್ಕಿಯ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಗುಂಡಿ ನೋಡ್ಕೊಂಡು ಓಡ್ಸು. ಇನ್ನೊಂದು ಕಾಲು ಉಳಿದಿದೆ."

"ಮಾತಾಡಿದ್ರೆ ಅದನ್ನೂ ಮುಗಿಸ್ತೀನಿ."

"ನೋಡಿ ಸ್ವಾಮಿ, ಬೆದರಿಕೆ! ಯಾವ ಕಲಂ ಬೀಳುತ್ತೆ ಹೇಳು, ನಾಳೆ ಪರೀಕ್ಷೆಗೆ ಬರುತ್ತೆ."

ಸ್ಕೂಟರಿನ ಕನ್ನಡಿ ವಾರೆಯಾಗಿತ್ತು. ಅದರಲ್ಲಿ ಅವನ ಮುಖ ಕಾಣದು, ಒಂದು ಕಿವಿ ಕಾಣುತ್ತದೆ. ಗೋಮತಿ ನಕ್ಕಾಗೆಲ್ಲ ಆ ಕಿವಿಗೆ ರಂಗೇರುತ್ತಿತ್ತು. ಕನ್ನಡಿ ಸರಿಮಾಡಿಸ್ತೀನಿ ಅಂತ ರಹ್ಮತ್ ಅಂದಾಗ ಗೋಮತಿ ಬಿಡಲಿಲ್ಲ. ಮೆಟ್ಟಿಲು ಹತ್ತುವಾಗ ಅವನು ಮುಂದೆ, ಇವಳು ಒಂದು ಮೆಟ್ಟಿಲು ಹಿಂದೆ; ಜಾರಿದರೆ ಹಿಡಿಯಬೇಕಲ್ಲ. ಹೀಗೆ ಬೇಡವೆಂದರೂ ಅವನ ಕತ್ತಿನ ಮೇಲಿನ ಸುಳಿ, ಅಂಗಿಯ ಕಾಲರಿನ ಮಡಿಕೆ, ಆ ಎರಡು ಕಿವಿ, ಎಲ್ಲವೂ ಅವಳಿಗೆ ಬಾಯಿಪಾಠವಾದವು.

ಎದುರಿಗೆ ನಿಂತಾಗ ಮಾತ್ರ ಅವನ ಕಣ್ಣಿಗೆ ಕಣ್ಣು ಕೊಡಲು ಆಗುತ್ತಿರಲಿಲ್ಲ. ನೋಟ ತಾನಾಗಿ ಪ್ಲಾಸ್ಟರಿಗೆ ಇಳಿಯುತ್ತಿತ್ತು.

ಆ ವರ್ಷ ಮೇಡಂ ಅವರಿಬ್ಬರನ್ನೂ ಕ್ಷೇತ್ರಕಾರ್ಯಕ್ಕೆಂದು ಬಾಲಮಂದಿರಕ್ಕೆ ಹಾಕಿದ್ದರು. ಕೇಸು ನಡೆಯುತ್ತಿರುವ ಮಕ್ಕಳಿರುವ ಜಾಗ ಅದು. ಅಲ್ಲಿನ ಹುಡುಗರು ಗೋಮತಿಯ ಹತ್ತಿರ ತುಟಿ ಬಿಚ್ಚುತ್ತಿರಲಿಲ್ಲ. ಊರುಗೋಲಿನ ಇಸಕ್ಕಿ ಕುಂಟಿಕೊಂಡು ಹೋಗಿ ಅವರ ನಡುವೆ ನೆಲಕ್ಕೆ ಕೂತ.

"ಏನಾಯ್ತು ಸಾರ್ ಕಾಲಿಗೆ?"

"ಬ್ಯಾಗು ಕದ್ದು ಓಡ್ತಿದ್ದೆ. ಈ ಅಕ್ಕ ಹಿಡಿದುಬಿಟ್ಟಳು."

ಬಾಲಮಂದಿರವೇ ಬಿದ್ದು ಬಿದ್ದು ನಕ್ಕಿತು. ಸಂಜೆಯೊಳಗೆ ಪ್ಲಾಸ್ಟರಿನ ಮೇಲೆಲ್ಲ ಹುಡುಗರ ಹೆಸರು. ಯಾರು ಏನು ಮಾಡಿ ಇಲ್ಲಿಗೆ ಬಂದರು, ಮನೆಯಲ್ಲಿ ಯಾರಿದ್ದಾರೆ, ಬಿಟ್ಟರೆ ಎಲ್ಲಿಗೆ ಹೋಗುತ್ತಾರೆ, ಎಲ್ಲ ಹೇಳಿಕೊಂಡರು. ಅವನು ನಡುನಡುವೆ ಬಾಯಿ ಹಾಕದೆ ಕೇಳಿದ. ಗೋಮತಿ ಬಾಗಿಲಲ್ಲಿ ನಿಂತು ನೋಡುತ್ತಾ, ಇವನು ಖಾಕಿಗಿಂತ ಇದಕ್ಕೇ ಹುಟ್ಟಿದವನೇನೋ ಅಂದುಕೊಂಡಳು. ಅಂದುಕೊಂಡ ಮರುಕ್ಷಣವೇ ನಾಚಿಕೆಯಾಯಿತು. ಖಾಕಿ ಕಿತ್ತುಕೊಂಡವಳು ತಾನೇ, ಈಗ ಸಮಾಧಾನ ಹುಡುಕುವವಳೂ ತಾನೇ!

ಅವಳು ಯಾವಾಗ ಅವನನ್ನು ಪ್ರೀತಿಸತೊಡಗಿದಳು ಅಂತ ಕೇಳಿದರೆ ಅವಳೇ ಹೇಳಲಾರಳು. ಆದರೆ ಪ್ರೀತಿ ಬಂತು ಅಂತ ಗೊತ್ತಾದದ್ದು ದೈಹಿಕ ಪರೀಕ್ಷೆಯ ಬೆಳಿಗ್ಗೆ.

ಆ ದಿನ ಅವನು ಮನೆಯಲ್ಲಿರಲಿಲ್ಲ. ಎಲ್ಲಿರುತ್ತಾನೆ ಅಂತ ಅವಳಿಗೆ ಗೊತ್ತಿತ್ತು. ಪೊಲೀಸ್ ಮೈದಾನದ ತಂತಿಬೇಲಿಗೆ ಆತು ನಿಂತಿದ್ದ. ಒಳಗೆ ಎದೆಗೆ ನಂಬರ್ ಕಟ್ಟಿಕೊಂಡ ಹುಡುಗರು ಓಡುತ್ತಿದ್ದರು.

"ಆ ನೀಲಿ ಚಡ್ಡಿಯವನಿಗಿಂತ ನಾನು ಚೆನ್ನಾಗಿ ಓಡ್ತಿದ್ದೆ," ಎಂದ, ಅವಳ ಕಡೆ ತಿರುಗದೆ.

"ನಂಗೊತ್ತು. ಬೆನ್ನಟ್ಟಿದೋಳು ನಾನೇ ಅಲ್ವಾ."

ಅವನು ನಗಲಿಲ್ಲ. "ನಮ್ಮಪ್ಪ ಹೆಡ್ ಕಾನ್‌ಸ್ಟೇಬಲ್ ಆಗಿದ್ದಾಗಲೇ ಸತ್ತರು. ಅವರ ಪೆಟ್ಟಿಗೆಯಲ್ಲಿ ಟೋಪಿ ಇನ್ನೂ ಇದೆ." ಅಷ್ಟು ಹೇಳಿ ಬೇಲಿಯ ತಂತಿಗೆ ಹಣೆ ಒತ್ತಿದ. ಅವನ ಬೆನ್ನು ಅಲುಗುತ್ತಿತ್ತು. ಅವನನ್ನು ತಬ್ಬಿಕೊಳ್ಳಬೇಕು ಅಂತ ಅವಳಿಗೆ ಎಷ್ಟು ಅನ್ನಿಸಿತೆಂದರೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಬೇಕಾಯಿತು.

*

ಪ್ಲಾಸ್ಟರ್ ತೆಗೆದ ಮೇಲೆ ಒಂದು ಸಂಜೆ ತಾಮ್ರಪರ್ಣಿ ಹೊಳೆಯ ಮೆಟ್ಟಿಲ ಮೇಲೆ ಇಬ್ಬರೂ ತಾಟಿನುಂಗು ತಿನ್ನುತ್ತಾ ಕೂತಿದ್ದರು. ಅವನು ನೀರಿನಲ್ಲಿ ಕಾಲು ಇಳಿಬಿಟ್ಟಿದ್ದ.

"ಸೀನಿಯರ್, ಒಂದು ಮಾತು ಹೇಳ್ಬೇಕು."

"ಹೇಳು ಮಾರಾಯ್ತಿ."

"ನೀವಂದ್ರೆ ನಂಗಿಷ್ಟ."

ಅವನ ಕಿವಿಗಳು ಭಗ್ಗನೆ ಕೆಂಪಾದವು. ಬಾಯಿ ಮಾತ್ರ ಬೇರೆಯದನ್ನೇ ಹೇಳಿತು.

"ಗೋಮತಿ, ನೀನು ಯಾವಾಗ್ಲಾದ್ರೂ ನನ್ನ ಮುಖ ನೋಡಿ ಮಾತಾಡಿದೀಯಾ? ಈಗ್ಲೂ ನೋಡು, ಕಾಲನ್ನೇ ನೋಡ್ತಿದೀಯ."

ಅವಳು ಬೆಚ್ಚಿ ತಲೆಯೆತ್ತಿದಳು. ನಿಜವಾಗಿಯೂ ಕಾಲನ್ನೇ ನೋಡುತ್ತಿದ್ದಳು.

"ಕರ್ಕೊಂಡು ಬಂದೆ, ಕರ್ಕೊಂಡು ಹೋದೆ, ನೋಟ್ಸ್ ಬರೆದುಕೊಟ್ಟೆ. ನಿನ್ನ ಋಣ ದೊಡ್ಡದು, ಇಲ್ಲ ಅನ್ನಲ್ಲ. ಆದ್ರೆ ಇದು ಪ್ರೀತಿನಾ, ಶಿಕ್ಷೆನಾ? ನಿಂಗೆ ನೀನೇ ಶಿಕ್ಷೆ ಹಾಕ್ಕೊಂಡಿದೀಯ. ಶಿಕ್ಷೆ ಅನ್ನೋದು ಒಂದಿನ ಮುಗಿಯುತ್ತೆ. ಮುಗಿದ ದಿನ ನೀನು ಎದ್ದು ಹೋಗ್ತೀಯ. ಇನ್ನೊಂದ್ಸಲ ಬೀಳೋ ಶಕ್ತಿ ನಂಗಿಲ್ಲ."

"ಅದು ಹಾಗಲ್ಲ..."

"ಹೇಗೆ ಅಂತ ಹೇಳು ಮತ್ತೆ."

ಅಪರಾಧ, ಅಪರಾಧಿ, ಪಶ್ಚಾತ್ತಾಪ ಎಂದೆಲ್ಲ ಪುಟಗಟ್ಟಲೆ ಬರೆಯುವವಳು ತನ್ನ ಮನಸ್ಸಿನ ಬಗ್ಗೆ ಒಂದು ವಾಕ್ಯ ಜೋಡಿಸಲಾರದೆ ಎದ್ದು ಬಂದಳು. ಹಾಸ್ಟೆಲ್ಲಿನಲ್ಲಿ ರಹ್ಮತ್‌ಳ ತೊಡೆಯ ಮೇಲೆ ತಲೆಯಿಟ್ಟು ಅತ್ತಳು.

"ಅವನು ಹೇಳೋದು ನಿಜ ಆಗಿದ್ರೆ ಏನ್ ಮಾಡ್ಲಿ ರಹ್ಮತ್?"

"ಲೇ, ಪಾಪ ಅನ್ಸೋರನ್ನ ನೆನೆಸ್ಕೊಂಡು ಯಾರಾದ್ರೂ ಕನ್ನಡಿ ವಾರೆ ಇಟ್ಕೋತಾರೇನೇ?" ಎಂದಳು ರಹ್ಮತ್.

ಆಮೇಲೆ ಅವನು ಬಸ್ಸಿನಲ್ಲಿ ಓಡಾಡಿದ. ಇವಳು ಸ್ಕೂಟರ್ ವಾಪಸ್ ಕೊಟ್ಟಳು. ಎದುರು ಸಿಕ್ಕರೆ ಇಬ್ಬರೂ ಒಂದು ನಗು ನಕ್ಕು ಸರಿದುಹೋಗುತ್ತಿದ್ದರು. ಅವನ ಎಂ.ಎ. ಮುಗಿಯಿತು. ಪ್ರೊಬೇಷನ್ ಅಧಿಕಾರಿ ಹುದ್ದೆಗೆ ಪರೀಕ್ಷೆ ಬರೆದನಂತೆ, ಬಾಲಮಂದಿರಕ್ಕೆ ಈಗಲೂ ಹೋಗುತ್ತಾನಂತೆ, ಎಲ್ಲವೂ ಯಾರದೋ ಬಾಯಿಂದ ಅವಳ ಕಿವಿಗೆ ಬೀಳುತ್ತಿತ್ತು.

ರಜೆ ಮುಗಿದು ಅವಳು ಎರಡನೆಯ ವರ್ಷಕ್ಕೆ ಬಂದಾಗ, ಹಾಸ್ಟೆಲ್ ಗೇಟಿನಲ್ಲಿ ಪಿಚ್ಚಮ್ಮಾಳ್ ನಿಂತಿದ್ದರು, ಕೈಯಲ್ಲಿ ಹಲ್ವಾ ಪೊಟ್ಟಣ.

"ಕೆಲಸ ಸಿಕ್ತು ಅವನಿಗೆ. ತೆಂಕಾಸಿಗೆ ಹಾಕಿದಾರೆ. ಜೈಲಿಗೆ ಹೋಗೋ ಮಕ್ಕಳನ್ನ ಮನೆಗೆ ಕಳಿಸೋ ಕೆಲಸವಂತೆ. ಬಾಯಿ ತೆಗಿ."

ಅವಳ ಬಾಯಿಗೆ ಹಲ್ವಾ ತುರುಕಿ, ಮುದುಕಿ ಸುತ್ತಮುತ್ತ ನೋಡಿ ದನಿ ತಗ್ಗಿಸಿದರು.

"ಅವನಿಗೆ ಹೇಳಬೇಡ. ಆ ಪೊಲೀಸ್ ಕೆಲಸ ಸಿಗದಿರಲಿ ಅಂತ ನಾನು ಗುಡಿಯ ಅಮ್ಮನಿಗೆ ಹರಕೆ ಹೊತ್ತಿದ್ದೆ. ಅವರಪ್ಪ ಇದ್ದಷ್ಟು ದಿನ ಒಂದು ಪೊಂಗಲ್ ಹಬ್ಬಕ್ಕೆ ಮನೇಲಿ ಕೂತು ಉಣ್ಣಲಿಲ್ಲ. ಬಂದೋಬಸ್ತ್‌ಗೆ ಅಂತ ಹೋದೋರು ಹೆಣವಾಗಿ ಬಂದ್ರು. ಇವನನ್ನೂ ಕಳಿಸಿ ಬಾಗಿಲು ಕಾಯೋ ಶಕ್ತಿ ನನಗಿರಲಿಲ್ಲ ಕಣೇ. ಅಮ್ಮ ನಿನ್ನನ್ನ ಕಳಿಸಿದಳು. ನೀನು ಬಂದು ಕಾಲು ಹಿಡಿದೆ."

ಗೋಮತಿ ನುಂಗುವುದನ್ನೇ ಮರೆತಳು. ಈ ಹೆಂಗಸು ಮೊದಲ ದಿನ ಬಡಿಸಿದ ಆ ಇನ್ನೊಂದು ಸೌಟು ಅನ್ನ ಯಾಕೆ ಬಂದಿತ್ತೆಂದು ಅವಳಿಗೆ ಈಗ ತಿಳಿಯಿತು. ಅವಳು ಬಗ್ಗಿ ಪಿಚ್ಚಮ್ಮಾಳ್ ಪಾದ ಮುಟ್ಟಿದಳು. ಎದೆಯ ಮೇಲೆ ವರ್ಷದಿಂದ ಕೂತಿದ್ದ ಭಾರ ಇಳಿದ ಹಾಗಾಯಿತು. ಭಾರ ಇಳಿಯಿತು, ಆದರೆ ಅವನು ಇಳಿಯಲಿಲ್ಲ. ಇದನ್ನು ಗಮನಿಸಿ ಅವಳಿಗೇ ಆಶ್ಚರ್ಯವಾಯಿತು.

*

ಮರುದಿನ ಹೊಸಬರಿಗೆ ಅದೇ ಪಾಠ. ಈ ಸಲ ಬ್ಯೂಲಾ ಮೇಡಂ ಹಿಂಬಾಗಿಲಿಗೆ ಚಿಲಕ ಹಾಕಿಸಿದ್ದರು. ಕಳ್ಳತನವೂ ಬೇಡ, ಓಟವೂ ಬೇಡ, ಪೆರೇಡೊಂದೇ ಸಾಕು ಅಂತ ತೀರ್ಮಾನ. ಆದರೆ ಸಾಲಿನಲ್ಲಿ ಎಲ್ಲರೂ ಬೆನ್ನು ಮಾಡಿ ನಿಂತಿರಬೇಕು.

"ಹೋದ ವರ್ಷ ಒಬ್ಬ ಸಾಕ್ಷಿ ತಾನೇ ಹಿಡಿದ ಕಳ್ಳನನ್ನ ಬಿಟ್ಟು ಪಕ್ಕದವನನ್ನ ಮುಟ್ಟಿದಳು," ಎಂದು ಹೊಸಬರಿಗೆ ಹೇಳಿ ಮೇಡಂ ಬಾಗಿಲ ಕಡೆ ಕೂಗಿದರು. "ಗೋಮತಿ, ಬಾ. ಅದೇ ಆಸಾಮಿ ಈ ಸಾಲಿನಲ್ಲಿದ್ದಾನೆ. ಇನ್ನೊಂದು ಅವಕಾಶ ಕೊಡ್ತೀನಿ."

ಗೋಮತಿ ಬಾಗಿಲಲ್ಲೇ ನಿಂತಳು. ಅವನು ತೆಂಕಾಸಿಗೆ ಹೋಗಿಲ್ಲವೇ?

ಎಲ್ಲ ಬಿಳಿ ಅಂಗಿ, ಎಲ್ಲ ಒಂದೇ ಎತ್ತರ. ಸಾಲಿಗೂ ನೋಡುವವರಿಗೂ ನಡುವೆ ಉದ್ದಕ್ಕೆ ಬೆಂಚುಗಳನ್ನು ಅಡ್ಡ ಮಗುಚಿಟ್ಟಿದ್ದರು. ಸೊಂಟದ ಕೆಳಗೆ ಏನೂ ಕಾಣುತ್ತಿರಲಿಲ್ಲ. ಯಾರು ಯಾವ ಕಾಲಿನ ಮೇಲೆ ಭಾರ ಬಿಟ್ಟು ನಿಂತಿದ್ದಾರೆ ಅನ್ನುವ ಸುಳಿವೂ ಇಲ್ಲ.

"ಸಾಕ್ಷಿ ಸಿದ್ಧಾನಾ?"

"ಸಿದ್ಧ ಮೇಡಂ," ಎಂದಳು ಗೋಮತಿ.

ಅಷ್ಟು ಅಂದದ್ದೇ ತಡ, ಸಾಲಿನ ಆ ತುದಿಯಲ್ಲಿ ಎರಡು ಕಿವಿ ತುದಿಯಿಂದ ಹಾಲೆಯವರೆಗೆ ಕೆಂಪಗಾಗುತ್ತಾ ಬಂದವು.

ಅವಳಿಗೆ ನಗು ಬಂತು, ಅಳುವೂ ಬಂತು. ಆದರೂ ಪೆರೇಡಿನ ನಿಯಮದಂತೆ ಮೊದಲಿನಿಂದ ನಡೆದಳು. ಒಬ್ಬೊಬ್ಬರನ್ನೇ ದಾಟಿದಳು. ಅವನ ಹಿಂದೆ ನಿಂತಳು. ಕತ್ತಿನ ಮೇಲೆ ಅದೇ ಸುಳಿ. ಹೊಸ ಕೆಲಸಕ್ಕೆ ಅಂತ ಕೂದಲು ಕತ್ತರಿಸಿಕೊಂಡಿದ್ದ. ಬೆಂಚಿನ ಮೇಲಿಂದ ಕೈ ಚಾಚಿ ಅವಳು ಅವನ ಭುಜದ ಮೇಲಿಟ್ಟಳು.

"ಇವನೇ."

ಈ ಸಲ ಗಟ್ಟಿಯಾಗಿ ಹೇಳಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತು.

ಅವನು ತಿರುಗಿದ. ಅವಳು ತಲೆ ತಗ್ಗಿಸಲಿಲ್ಲ. ಅವನ ಕಣ್ಣು ತಿಳಿ ಕಂದು ಬಣ್ಣದ್ದು, ಇಷ್ಟು ದಿನ ತಾನು ಕಪ್ಪು ಅಂದುಕೊಂಡಿದ್ದೆನಲ್ಲ ಅಂತ ಆಗ ಗೊತ್ತಾಯಿತು.

"ಬೆಂಚು ಅಡ್ಡ ಇಡಿಸಿದ್ದು ನಾನೇ," ಎಂದ ಅವನು ಮೆಲ್ಲಗೆ. "ಕಾಲು ಕಾಣದಿದ್ರೆ ನಿಂಗೆ ನಾನು ಸಿಗ್ತೀನಾ ಅಂತ ನೋಡ್ಬೇಕಿತ್ತು. ತೆಂಕಾಸಿಗೆ ನಾಳೆ ಹೋಗ್ಬೇಕು. ನೋಡದೆ ಹೋಗೋಕೆ ಆಗ್ಲಿಲ್ಲ."

"ಸಿಕ್ರಲ್ಲ."

"ಒಂದೇ ಒಂದು ಪ್ರಶ್ನೆ. ಮುರಿದಿದ್ದು ಎಡಗಾಲಾ, ಬಲಗಾಲಾ?"

ಗೋಮತಿ ಬಾಯಿ ತೆರೆದಳು. "ಎಡ... ಅಲ್ಲ, ಬಲ... ತಡೀರಿ, ನಾನು ಬೇವಿನ ಮರದ ಈ ಕಡೆಯಿಂದ..." ಅವಳಿಗೆ ನೆನಪಾಗಲಿಲ್ಲ. ದೇವರಾಣೆಗೂ ನೆನಪಾಗಲಿಲ್ಲ. ದಿನಾ ನೋಡಿದ ಕಾಲು, ಪ್ಲಾಸ್ಟರಿನ ಮೇಲೆ ಯಾವ ಹುಡುಗ ಎಲ್ಲಿ ಹೆಸರು ಬರೆದಿದ್ದ ಅಂತ ಗೊತ್ತಿದ್ದ ಕಾಲು, ಆ ಮುಖದ ಮುಂದೆ ನಿಂತಾಗ ಎಲ್ಲಿ ಹೋಯಿತೋ!

ಇಸಕ್ಕಿಮುತ್ತು ನಗತೊಡಗಿದ. ನಗುತ್ತಾ ನಗುತ್ತಾ ಅವನ ಕಣ್ಣಲ್ಲಿ ನೀರು ಬಂತು.

"ಶಿಕ್ಷೆ ಮುಗೀತು ಗೋಮತಿ. ಇನ್ನು ನೀನು ಎದ್ದು ಹೋಗ್ಬಹುದು."

"ನಾನೆಲ್ಲೂ ಹೋಗಲ್ಲ."

"ತೆಂಕಾಸಿ ದೂರ."

"ಬಸ್ಸಿದೆ."

"ಕಾಲು ಹಿಡಿದೆ ಅಂತ ಆವತ್ತು ನಿನ್ನ ಮೇಲೆ ಬಹಳ ಸಿಟ್ಟಿತ್ತು," ಎಂದ ಅವನು. "ಈಗ ಆ ಮಕ್ಕಳ ನಡುವೆ ಕೂತಾಗೆಲ್ಲ ನಿನ್ನನ್ನ ನೆನೆಸ್ಕೋತೀನಿ. ನೀನು ಬೀಳಿಸದೆ ಹೋಗಿದ್ರೆ ನಾನು ಅವರನ್ನ ಬೆನ್ನಟ್ಟಿಕೊಂಡು ಓಡ್ತಿದ್ದೆ ಅಷ್ಟೇ, ಪಕ್ಕದಲ್ಲಿ ಕೂರ್ತಿರಲಿಲ್ಲ. ನಿಂಗೆ ಥ್ಯಾಂಕ್ಸ್ ಹೇಳ್ಲೇ ಇಲ್ಲ ನಾನು."

"ಈಗ ಹೇಳಿದ್ರಲ್ಲ, ಸೀನಿಯರ್."

"ಇನ್ನೂ ಸೀನಿಯರ್ರಾ?"

"ಮತ್ತೆ ಏನಂತ ಕರೀಲಿ? ಅಣ್ಣಾ ಅನ್ಲಾ?"

ಸಾಲಿನಲ್ಲಿ ನಿಂತಿದ್ದ ಹುಡುಗರೆಲ್ಲ ಹೋ ಎಂದರು. ಬ್ಯೂಲಾ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, ಮೇಜು ಕುಟ್ಟಿದರು. "ಸಾಕು ಸಾಕು! ಎಲ್ಲರೂ ಪೆನ್ನು ತೆಗೀರಿ. ಈಗ ಕಣ್ಣಾರೆ ಕಂಡಿದ್ದನ್ನ ಕಂಡ ಹಾಗೇ ಬರೀರಿ. ಅಕ್ಕಪಕ್ಕ ನೋಡಬಾರದು."

ಹೊಸಬರು ಬರೆದರು. ಒಬ್ಬರು ಸಾಕ್ಷಿಯ ಚೂಡಿದಾರ್ ಹಸಿರು ಎಂದರು, ಒಬ್ಬರು ಹಳದಿ ಎಂದರು. ಮೊದಲು ಅತ್ತದ್ದು ಹುಡುಗ ಎಂದು ಕೆಲವರು, ಹುಡುಗಿ ಎಂದು ಉಳಿದವರು. ಒಬ್ಬನಂತೂ ಆರೋಪಿಗೆ ದಪ್ಪ ಮೀಸೆ ಬರೆದಿದ್ದ. ಒಂದು ವಿಷಯದಲ್ಲಿ ಮಾತ್ರ ಎಲ್ಲರ ಹೇಳಿಕೆಯೂ ಒಂದೇ ಆಗಿತ್ತು: ಕೊನೆಯವರೆಗೂ ಸಾಕ್ಷಿ ಆರೋಪಿಯ ಭುಜದ ಮೇಲಿಂದ ಕೈ ತೆಗೆಯಲಿಲ್ಲ.